ಬೆಳ್ಳಕ್ಕಿ ಮಾಡಿದವನು

ಹರಿಹರದಿಂದ ತುಸು ಆಚೆ, ತುಂಗಭದ್ರೆಯ ದಂಡೆಯಲ್ಲಿ ಹಾಲಜ್ಜನ ಆಶ್ರಮ. ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ಅಷ್ಟೇ.

ಪಂಪಾಪತಿ ಅಲ್ಲಿ ಬಂದು ಸೇರಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಅವನಿಗೊಂದು ವಿಮಾನ ಕಂಪನಿ ಇತ್ತು. ಸಣ್ಣ ಊರುಗಳ ನಡುವೆ ಹಾರುವ ಪುಟ್ಟ ಕಂಪನಿ. ಹೆಸರು ಬೆಳ್ಳಕ್ಕಿ ಏರ್‌ವೇಸ್.

ಕೆಲವು ವರ್ಷ ಹಾರಿತು. ಒಂದು ದಿನ ಹಾರಲಿಲ್ಲ. ಮರುದಿನವೂ ಹಾರಲಿಲ್ಲ. ವಿಮಾನಗಳು ಬಾಡಿಗೆಯವು, ಕೊಟ್ಟವರು ಬಂದು ತೆಗೆದುಕೊಂಡು ಹೋದರು.

ವ್ಯಾಪಾರದಲ್ಲಿ ಬಿದ್ದವನಿಗೆ ಊರ ತುಂಬ ಗುರುಗಳು. ಪಂಪಾಪತಿ ಅವರನ್ನೆಲ್ಲ ಬಿಟ್ಟು ಹಾಲಜ್ಜನನ್ನು ಹಿಡಿದ. ಈ ಅಜ್ಜ ಕೇಳದೆ ಏನೂ ಹೇಳುತ್ತಿರಲಿಲ್ಲ. ಕೇಳಿದರೂ ಹೆಚ್ಚೇನೂ ಹೇಳುತ್ತಿರಲಿಲ್ಲ.

ಆಶ್ರಮದ ಬಾಳು ಪಂಪಾಪತಿಗೆ ಒಗ್ಗಿತ್ತು. ಪಾತ್ರೆ ತೊಳೆಯುತ್ತಿದ್ದ, ಹೊಳೆಯಲ್ಲಿ ಮುಳುಗೇಳುತ್ತಿದ್ದ, ಮಲಗಿದರೆ ನಿದ್ದೆ ಬರುತ್ತಿತ್ತು. ಕಂಪನಿ ಇದ್ದಾಗ ಗುಳಿಗೆ ನುಂಗಿದರೂ ಬಾರದ ನಿದ್ದೆ ಅದು.

ಆದರೂ ಒಳಗೊಂದು ಆಸೆ ಕೂತಿತ್ತು. ಒಂದು ಬೆಳಿಗ್ಗೆ ಅಜ್ಜನ ಮುಂದೆ ಅದನ್ನು ಬಿಚ್ಚಿದ.

"ಅಜ್ಜಾರೇ, ನನ್ನ ಕಂಪನಿ ಮತ್ತೆ ಏಳುತ್ತಾ?"

"ಎಲ್ಲಿ ಬಿತ್ತು?"

"ಎಣ್ಣೆ ರೇಟು ಏರಿತು. ಬ್ಯಾಂಕಿನವರು ಕೈ ಎತ್ತಿದರು. ಒಂದು ಇಂಜಿನ್ ಕೆಟ್ಟಿತು, ಅದರ ಸಾಮಾನು ಹೊರದೇಶದಿಂದ ಬರಲೇ ಇಲ್ಲ."

"ಅದು ಹೇಗೆ ಬಿತ್ತು ಅನ್ನೋದು. ನಾನು ಕೇಳಿದ್ದು ಎಲ್ಲಿ ಬಿತ್ತು ಅಂತ."

ಪಂಪಾಪತಿ ತಲೆ ಕೆರೆದುಕೊಂಡ.

"ಪೇಟೆಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಗೊಂಡು ಬಾ," ಎಂದ ಹಾಲಜ್ಜ. "ಬಸ್‌ಸ್ಟ್ಯಾಂಡಿನ ಚಹಾದಂಗಡೀಲಿ ಒಂದಿಷ್ಟು ಹೊತ್ತು ಕೂತ್ಕೋ. ನೀನು ಯಾರು ಅಂತ ಹೇಳಬೇಡ."

ಅಡುಗೆಯ ದ್ಯಾಮವ್ವ ಒಳಗಿನಿಂದಲೇ ಕೂಗಿದಳು: "ಕೊತ್ತಂಬರಿ ಐತಲ್ಲ ಅಜ್ಜಾರೇ!"

"ಇರಲಿ ಬಿಡು, ಇನ್ನೊಂದು ಕಟ್ಟು."

ಪಂಪಾಪತಿ ಹೋದ. ಚಹಾ ಹೇಳಿ ಮೂಲೆಯ ಬೆಂಚಿನಲ್ಲಿ ಕೂತ.

ಅಂಗಡಿಯವನು ನಲ್ಲಿ ರಿಪೇರಿಯವನೊಬ್ಬನನ್ನು ತರಾಟೆಗೆ ತೆಗೆದುಕೊಂಡಿದ್ದ.

"ಎಷ್ಟು ಸಲನೋ ಹಿಂಗೆ ಬೆಳ್ಳಕ್ಕಿ ಮಾಡೋದು? ಮುಂಜಾನೆ ಬರ್ತೀನಿ ಅಂದಿ, ಬಕೆಟ್ ಇಟ್ಕೊಂಡು ಕಾದೆ!"

"ಬೆಳ್ಳಕ್ಕಿ ಮಾಡಿಲ್ಲಣ್ಣ, ಗಾಡಿ ಪಂಕ್ಚರ್ ಆಗಿತ್ತು."

"ಎಲ್ಲಾ ಬೆಳ್ಳಕ್ಕಿಗಳೂ ಹಂಗೇ ಅಂತಾವೆ."

ಪಂಪಾಪತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಏನಣ್ಣಾ ಹಾಗಂದ್ರೆ?" ನಲ್ಲಿಯವನನ್ನು ಕೇಳಿದ.

"ನಿಮಗೆ ಗೊತ್ತಿಲ್ವಾ? ಬರ್ತೀನಿ ಅಂದು ಬರದೇ ಇರೋದು."

"ಯಾಕೆ ಹಾಗಂತಾರೆ?"

"ಯಾರಿಗೆ ಗೊತ್ತು? ಎಲ್ಲರೂ ಅಂತಾರೆ. ಆ ಹಕ್ಕಿ ಗುಣಾನೇ ಅಂಥದ್ದಿರಬೇಕು."

"ಹಕ್ಕಿದೇನು ತಪ್ಪು, ಪಾಪ!" ಎಂದಳು ಇಡ್ಲಿ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸು. "ಅದು ವಿಮಾನದ ಹೆಸರು. ನಮ್ಮಕ್ಕನ ಮಗಳ ಮದುವೆಗೆ ಅಂತ ಟಿಕೆಟ್ ತಗೊಂಡಿದ್ದೆ. ಜನ್ಮದಲ್ಲಿ ಒಂದು ಸಲ ಹಾರೋಣ ಅಂತ. ಮುಂಜಾನೆ ಹೋಗಿ ಕೂತೆ. ಕೌಂಟರಿನ ಹುಡುಗಿ, ಅರ್ಧ ಗಂಟೆ ತಡ ಆಂಟಿ ಅಂದಳು. ಅರ್ಧ ಗಂಟೆ ಬಿಟ್ಟು ಕೇಳಿದರೆ ಮತ್ತೆ ಅರ್ಧ ಗಂಟೆ. ಸಂಜೆ ತನಕ ಅದೇ ಅರ್ಧ ಗಂಟೆ!"

"ಆಮೇಲೆ?"

"ಆಮೇಲೇನು, ದೀಪ ಆರಿಸಿ ಹೊರಗೆ ಕಳಿಸಿದರು. ವಿಮಾನ ಬರಲಿಲ್ಲ ಅಂತ ನನಗೆ ಸಿಟ್ಟಿಲ್ಲಪ್ಪ. ಯಂತ್ರ ಅಂದಮೇಲೆ ಕೆಡುತ್ತೆ. ಬರಲ್ಲ ಅಂತ ಒಂದು ಮಾತು ಹೇಳಿದ್ದರೆ ಬಸ್ಸು ಹಿಡಿದಾದರೂ ಧಾರೆ ಹೊತ್ತಿಗೆ ಮುಟ್ತಿದ್ದೆ."

ಪಂಪಾಪತಿಗೆ ಆ ದಿನ ಚೆನ್ನಾಗಿ ನೆನಪಿತ್ತು. ವಿಮಾನಕ್ಕೆ ಎಣ್ಣೆ ಕೊಡುವವರು ಬೆಳಿಗ್ಗೆಯೇ ಇನ್ನು ಸಾಲ ಇಲ್ಲ ಎಂದಿದ್ದರು. ಸಂಜೆಯೊಳಗೆ ಹೇಗಾದರೂ ದುಡ್ಡು ಹೊಂದಿಸಿಯೇನು ಎಂದು ಅವನಿಗೆ ಆಸೆ. ಅಲ್ಲಿಯವರೆಗೆ ಅರ್ಧ ಗಂಟೆ ಎನ್ನಿ ಎಂದು ಕೌಂಟರಿಗೆ ಹೇಳಿದವನು ಅವನೇ.

ಚಹಾ ಆರಿತ್ತು. ಕುಡಿದು, ಕೊತ್ತಂಬರಿ ಕೊಂಡು, ಆಶ್ರಮಕ್ಕೆ ನಡೆದ.

"ಸಿಕ್ಕಿತಾ?" ಎಂದ ಹಾಲಜ್ಜ.

"ಕೊತ್ತಂಬರಿ ಸಿಕ್ಕಿತು."

"ಅದಿರಲಿ."

"ಅದೂ ಸಿಕ್ಕಿತು ಅಜ್ಜಾರೇ. ಕಂಪನಿ ಬಿದ್ದದ್ದು ಕೌಂಟರಿನಲ್ಲಿ."

ಹಾಲಜ್ಜ ಕೊತ್ತಂಬರಿಯ ಬೇರು ಕೀಳುತ್ತ ಕೂತ.

"ಆದರೆ ನಾನು ಮೋಸ ಮಾಡಲಿಲ್ಲ," ಎಂದ ಪಂಪಾಪತಿ. "ವಿಮಾನ ಹಾರುತ್ತೆ ಅಂತ ನನಗೆ ನಿಜವಾಗಿ ಆಸೆ ಇತ್ತು."

"ಆಸೆ ಮನೇಲಿ ಇಟ್ಕೊಳ್ಳೋ ಸರಕು ಕಣಪ್ಪಾ. ಅದನ್ನ ಅಂಗಡೀಲಿ ಇಟ್ಟು ಮಾರಿದೆ."

ಅಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಫೋನು ಹೊಡೆದುಕೊಂಡಿತು. ಆಶ್ರಮಕ್ಕೆ ಬಂದವರೆಲ್ಲ ಫೋನನ್ನು ಆ ಗೂಡಿನಲ್ಲೇ ಇಡಬೇಕು. ಹೆಚ್ಚಾಗಿ ಹೊಡೆದುಕೊಳ್ಳುವುದು ಪಂಪಾಪತಿಯದೇ.

"ಮೆಹಬೂಬನದು," ಎಂದ ಪಂಪಾಪತಿ, ಎತ್ತಿಕೊಳ್ಳದೆ. "ನಮ್ಮ ವಿಮಾನಗಳ ಇಂಜಿನಿಯರ್. ಈಗ ಪಂಪ್‌ಸೆಟ್ ರಿಪೇರಿ ಮಾಡ್ತಾ, ನನ್ನ ಕಂಪನಿ ಏಳಲಿ ಅಂತ ಕಾಯ್ತಿದ್ದಾನೆ. ನಾಗಪುರದಿಂದ ಕೆಲಸಕ್ಕೆ ಕರೆದಿದ್ದಾರಂತೆ. ಹೋಗಲೋ ಬೇಡವೋ ಅಂತ ಇವತ್ತೇ ಹೇಳಬೇಕಂತೆ."

"ಹೋಗಲಿ."

"ಅವನು ಹೋದರೆ ನಾನು ಕೆಟ್ಟೆ ಅಜ್ಜಾರೇ! ದಾವಣಗೆರೆಯ ಪಾರಸ್‌ಮಲ್ ಸೇಠರು ದುಡ್ಡು ಹಾಕೋಕೆ ಮುಂದೆ ಬಂದಿದ್ದಾರೆ. ಮೊದಲು ಕೇಳಿದ್ದೇ, ಹಳೇ ಜನ ಇದ್ದಾರಾ ಅಂತ. ಎಲ್ಲರೂ ತುದಿಗಾಲಲ್ಲಿ ನಿಂತಿದ್ದಾರೆ ಅಂದಿದ್ದೀನಿ."

"ಸೇಠರು ಏನಂದರು?"

"ಮಾಡೋಣ ಅಂದರು."

"ಮಾಡೋಣ ಅಂದರಾ? ನೋಡೋಣ ಅಂದರಾ?"

ಪಂಪಾಪತಿ ಹೊಳೆಯ ಕಡೆ ನೋಡಿದ. ಅಡುಗೆಮನೆಯಲ್ಲಿ ದ್ಯಾಮವ್ವನ ಸೌಟಿನ ಸದ್ದೂ ನಿಂತಿತು.

"ನೋಡೋಣ ಅಂದರು," ಎಂದ ಕೊನೆಗೆ.

"ಮೆಹಬೂಬನಿಗೆ ನೀನು ಏನಂದೆ?"

"ಸೇಠರು ಮಾಡೋಣ ಅಂದಿದ್ದಾರೆ ಅಂತ."

"ಒಂದೇ ಅಕ್ಷರ ನೋಡು," ಎಂದ ಹಾಲಜ್ಜ. "ದಾವಣಗೆರೆಯಿಂದ ಹೊರಟಾಗ ನೋ ಇತ್ತು. ನಿನ್ನ ಬಾಯಿಗೆ ಬರೋ ಹೊತ್ತಿಗೆ ಮಾ ಆಯ್ತು."

ದ್ಯಾಮವ್ವ ಒಳಗೆ ಕಿಸಕ್ಕನೆ ನಕ್ಕಳು.

ಫೋನು ನಿಂತು, ಮತ್ತೆ ಹೊಡೆದುಕೊಂಡಿತು. ಹಾಲಜ್ಜ ಎದ್ದು, ಅದನ್ನು ಗೂಡಿನಿಂದ ತೆಗೆದು ಪಂಪಾಪತಿಯ ಕೈಯಲ್ಲಿಟ್ಟ. ತಾನು ಮತ್ತೆ ಕೊತ್ತಂಬರಿಯ ಮುಂದೆ ಕೂತ.

"ಸರ್," ಎಂದ ಮೆಹಬೂಬ್ ಆ ಕಡೆಯಿಂದ, "ಅವರಿಗೆ ಏನು ಹೇಳಲಿ? ಮಗಳನ್ನ ಶಾಲೆಗೆ ಸೇರಿಸೋದೂ ಇದೆ. ಇನ್ನೊಂದು ತಿಂಗಳು ಕಾಯಿ ಅಂದ್ರೆ ಕಾಯ್ತೀನಿ."

ಕಾಯಿ ಎನ್ನುವುದು ಪಂಪಾಪತಿಯ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿದ.

"ಮೆಹಬೂಬ್, ನನ್ನ ಹತ್ತಿರ ವಿಮಾನ ಇಲ್ಲ. ದುಡ್ಡೂ ಇಲ್ಲ. ಸೇಠರು ನೋಡೋಣ ಅಂದಿದ್ದಾರೆ, ಅಷ್ಟೇ. ಮಾಡೋಣ ಅಂದಿಲ್ಲ. ಅದು ನನ್ನ ಮಾತು. ನೀನು ನಾಗಪುರಕ್ಕೆ ಹೊರಡು."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು.

"ಸರ್, ಎರಡು ವರ್ಷದ ಹಿಂದೆ ಈ ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ಬೈತಿದ್ದೆ ನೀನು."

"ಬೈತಿದ್ದೆ. ಬೈದು ಕೆಲಸಕ್ಕೆ ಹೋಗ್ತಿದ್ದೆ."

"ಈಗ ಬೈಯಲ್ವಾ?"

"ಈಗ ಸಾಮಾನು ಕಟ್ಟೋದಿದೆ ಸರ್."

ಇಬ್ಬರೂ ನಕ್ಕರು.

"ಒಂದು ಮಾತು ಸರ್. ವಿಮಾನ ನಿಜವಾಗಿ ಬಂದು ನಿಂತ ದಿನ ಫೋನ್ ಮಾಡಿ. ನೀವೇನೂ ಮಾತಾಡಬೇಡಿ, ಇಂಜಿನ್ ಸದ್ದು ಕೇಳಿಸಿ. ಸರಿ ಇದ್ದರೆ ಬರ್ತೀನಿ."

ಪಂಪಾಪತಿ ಫೋನನ್ನು ಗೂಡಿಗೆ ಇಡಲಿಲ್ಲ. ಕಾಯುತ್ತಿದ್ದ ಉಳಿದವರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ಅದೇ ಮಾತು ಹೇಳಿದ. ಪೈಲಟ್ ಒಬ್ಬ ಬಾಯಿಗೆ ಬಂದಂತೆ ಬೈದ, ಪಂಪಾಪತಿ ಪೂರ್ತಿ ಕೇಳಿಸಿಕೊಂಡ. ಕೌಂಟರಿನ ಹುಡುಗಿ, "ನನಗೆ ಮದುವೆಯೇ ಆಯ್ತು ಸರ್, ನಿಮಗೆ ಹೇಳೋಕೆ ಸಂಕೋಚ ಆಗಿತ್ತು," ಎಂದಳು.

ಕೊನೆಗೆ ಸೇಠರಿಗೆ ಮಾಡಿದ.

"ಸೇಠರೇ, ಹಳೇ ಜನ ಯಾರೂ ಕಾಯ್ತಾ ಇಲ್ಲ. ನಾನೇ ಕಳಿಸಿಬಿಟ್ಟೆ. ಊರಲ್ಲಿ ಕಂಪನಿ ಹೆಸರು ಬೈಗುಳ ಆಗಿದೆ. ಸದ್ಯ ನನ್ನ ಹತ್ತಿರ ಏನೂ ಇಲ್ಲ."

ಇನ್ನು ಆ ಬಾಗಿಲೂ ಮುಚ್ಚಿತು ಎಂದುಕೊಂಡು ಕಣ್ಣು ಮುಚ್ಚಿ ಕಾದ.

ಮಾಲಿನ ಹುಳುಕನ್ನು ಮಾರುವವನೇ ಬೆರಳಿಟ್ಟು ತೋರಿಸಿದರೆ, ಹೊರಟುನಿಂತ ಗಿರಾಕಿಯೂ ಒಮ್ಮೆ ಕೂರುತ್ತಾನೆ. ಸೇಠರು ಮೂರು ತಲೆಮಾರಿನ ವ್ಯಾಪಾರಸ್ಥರು.

"ಎಲ್ಲಾ ತಯಾರು ಅಂತ ಇಷ್ಟು ದಿನ ಹೇಳ್ತಿದ್ರಿ," ಎಂದರು ಅವರು. "ಎಲ್ಲಾ ತಯಾರಿದ್ದರೆ ನನ್ನ ಹತ್ತಿರ ಯಾಕೆ ಬರ್ತಾರೆ ಅಂತ ನನಗೂ ಅನುಮಾನ ಇತ್ತು. ಸೋಮವಾರ ಅಲ್ಲಿಗೇ ಬರ್ತೀನಿ. ಏನೇನಿಲ್ಲ ಅಂತ ಕೂತು ಮಾತಾಡೋಣ."

ಪಂಪಾಪತಿ ಫೋನು ಗೂಡಿಗಿಟ್ಟು ಊಟಕ್ಕೆ ಕೂತ. ಅಂದು ಎರಡು ಸಲ ಸಾರು ಹಾಕಿಸಿಕೊಂಡ. ಮಜ್ಜಿಗೆ ಕುಡಿದು ಗೋಡೆಗೆ ಒರಗಿದಾಗ ಹೊಳೆಯ ಗಾಳಿ ಹಿತವಾಗಿ ಬೀಸುತ್ತಿತ್ತು.

"ಅಜ್ಜಾರೇ, ಸೋಮವಾರ ಸೇಠರು ಬರ್ತಾರಂತೆ."

ದ್ಯಾಮವ್ವ ಬಾಗಿಲಿಗೆ ಬಂದಳು. "ಹಂಗಾದ್ರೆ ದೊಡ್ಡ ಮಂದಿ ಬಂದಂಗಾತು! ಸೋಮವಾರ ಅವರಿಗೂ ಸೇರಿಸಿ ಅನ್ನಕ್ಕೆ ಇಡ್ಲೇನು ಅಜ್ಜಾರೇ?"

ಹಾಲಜ್ಜ ಕೈ ತೊಳೆದುಕೊಂಡು ಹೇಳಿದ:

"ಅಕ್ಕಿ ಆರಿಸಿಡು. ಅವರು ಬಂದ ಮೇಲೆ ಒಲೆ ಹಚ್ಚು."