ಡ್ಯಾಶ್‌ಬೋರ್ಡಿನಲ್ಲೊಂದು ಸವೆದ ಜಾಗ

ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಒಂದು ತಗಡಿನ ಶೆಡ್ಡು. ಅಲ್ಲಿ ದಸ್ತಗೀರ್ ಉಸ್ತಾದರು ಹಳೇ ಕಾರುಗಳ ಒಳಮೈ ರಿಪೇರಿ ಮಾಡುತ್ತಿದ್ದರು. ಎಂಜಿನ್ ಕೆಟ್ಟಿದೆ ಅಂತ ಯಾರಾದರೂ ಬಂದರೆ, "ಅದು ನನ್ನ ಕಸುಬಲ್ಲಪ್ಪ, ಮುಂದಿನ ಬೀದಿಗೆ ಹೋಗು" ಅನ್ನುವರು. ಕಾರಿನೊಳಗೆ ಪ್ಲಾಸ್ಟಿಕ್ಕು ಅಂತ ಏನೇನಿದೆಯೋ ಅಷ್ಟೇ ಅವರದು.

ಆ ಪ್ಲಾಸ್ಟಿಕ್ಕಿನ ಮೇಲೆ ಚರ್ಮದ ಹಾಗೆ ಸಣ್ಣ ಸಣ್ಣ ತರಿ ಇರುತ್ತದಲ್ಲ, ಸೀಳು ಬಿಟ್ಟ ಕಡೆ ಅದನ್ನು ಮತ್ತೆ ಕೂಡಿಸುವುದೇ ವಿದ್ಯೆ. ಚೆನ್ನಾಗಿರುವ ಕಡೆಯಿಂದ ರಬ್ಬರಿನಲ್ಲಿ ತರಿಯ ಅಚ್ಚು ತೆಗೆಯಬೇಕು. ಸೀಳಿಗೆ ತುಂಬಿದ ಪುಟ್ಟಿ ಹಸಿಯಿರುವಾಗಲೇ ಅದನ್ನು ಒತ್ತಬೇಕು. ಹೇಳುವುದು ಸುಲಭ ಬಿಡಿ.

ವೀರೇಶ ಈ ವಿದ್ಯೆ ಕಲಿಯಲು ಬಂದಾಗ ಅವನಿಗೆ ಮೂವತ್ನಾಲ್ಕು. ಅದಕ್ಕೂ ಮೊದಲು ದಾವಣಗೆರೆಯಲ್ಲಿ ಹತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದಿದ್ದ. ಮುಖ ನೋಡಿಕೊಳ್ಳುವ ಹಾಗೆ ಹೊಳಪು ಬರಿಸುವುದರಲ್ಲಿ ಎತ್ತಿದ ಕೈ. ಉಸ್ತಾದರು ಎರಡು ವರ್ಷ ಅವನಿಂದ ಬರೀ ತೊಳೆಸಿದರು, ಉಜ್ಜಿಸಿದರು. ಒಂದು ಪೂರ್ತಿ ಕೆಲಸ ಕೈಗೆ ಕೊಟ್ಟಿರಲಿಲ್ಲ.

ಕೊನೆಗೆ ಒಂದು ಕೊಟ್ಟರು.

ಸೀತಾಬಾಯಿ ಅನ್ನುವ ಹೆಂಗಸು ತಂದ ಕಂದುಬಣ್ಣದ ಕಾಂಟೆಸ್ಸಾ ಕಾರು ಅದು. ಮೂವತ್ತೆಂಟು ವರ್ಷ ಹಳೆಯದು. ಬಿಸಿಲಿಗೆ ಡ್ಯಾಶ್‌ಬೋರ್ಡು ಉದ್ದಕ್ಕೂ ಬಾಯಿಬಿಟ್ಟಿತ್ತು.

"ನಮ್ಮೆಜಮಾನ್ರಿಗೆ ಮರೆವು ಸಾಹೇಬ್ರೇ" ಅಂದರು ಸೀತಾಬಾಯಿ. "ಒಂದೊಂದು ದಿನ ನನ್ನ ಹೆಸ್ರೂ ನೆನಪಿರಲ್ಲ. ಬೆಳಿಗ್ಗೆ ಎದ್ದು ಈ ಗಾಡೀಲಿ ಕೂತ್ರೆ ಮಾತ್ರ ಮೊದಲಿನಂಗೆ ಆಗ್ತಾರೆ. ಒಂದು ಗಳಿಗೆ ಮಾತಾಡ್ತಾರೆ, ನಗ್ತಾರೆ. ನನಗೆ ಅಷ್ಟೇ ಉಳಿದಿರೋದು. ಈ ಸೀಳು ಬಿಟ್ಟಾಗಿಂದ ಕೈಗೆ ಚುಚ್ಚುತ್ತೆ ಅಂತ ಕೂರಲ್ಲ ಅಂತಿದಾರೆ."

"ಒಡೆಯೋ ಮೊದ್ಲು ಹೆಂಗಿತ್ತೋ ಹಂಗೆ ಮಾಡು" ಅಂತ ಉಸ್ತಾದರು ವೀರೇಶನಿಗೆ ಹೇಳಿದರು. ಹೇಳಿ, ತಮ್ಮನ ಮಗಳ ಮದುವೆಗೆ ಅಂತ ರಾಣೆಬೆನ್ನೂರಿಗೆ ಹೋದರು.

ನಾಲ್ಕು ದಿನ ವೀರೇಶ ಊಟ ನಿದ್ದೆ ಬಿಟ್ಟು ದುಡಿದ. ಸೀಳು ಕೂಡಿಸಿದ. ಸ್ಟೇರಿಂಗಿನ ಎಡಪಕ್ಕ ಒಂದು ಕಡೆ ತರಿ ಸವೆದು ನುಣ್ಣಗಾಗಿತ್ತು. ಇದೂ ಕೆಟ್ಟಿದೆ ಅಂದುಕೊಂಡು ಅದನ್ನೂ ಉಜ್ಜಿ ಪುಟ್ಟಿ ತುಂಬಿದ. ಯಾರ ಕೈಯೂ ಸೋಕದ ಮೂಲೆಯಿಂದ ಅಚ್ಚು ತೆಗೆದು, ಇಡೀ ಡ್ಯಾಶ್‌ಬೋರ್ಡಿನ ಹಲಗೆಗೆ ಒಂದೇ ಸಮ ತರಿ ಒತ್ತಿದ. ಬಣ್ಣ ಹೊಡೆದು ದೂರ ನಿಂತು ನೋಡಿದ. ಆಹಾ! ತನ್ನ ಕೈಗೆ ತಾನೇ ಮುತ್ತಿಡಬೇಕು ಅನ್ನಿಸಿತು.

ಉಸ್ತಾದರು ಬಂದರು. ಹಲಗೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಹೋಗಿ ಸ್ಟೂಲಿನ ಮೇಲೆ ಕೂತರು.

"ಹೆಂಗೈತೆ ಉಸ್ತಾದ್ರೇ?"

"ಅವರು ಬರ್ಲಿ."

ಮರುದಿನ ಸೀತಾಬಾಯಿ ಯಜಮಾನರನ್ನು ಕೈಹಿಡಿದು ಕರೆತಂದರು. ಗಣೋಜಿರಾಯರು ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾರು ನೋಡಿದ್ದೇ ಮುಖ ಅರಳಿತು. ಹತ್ತಿ ಕೂತರು, ಪಕ್ಕದ ಸೀಟಿಗೆ ಸೀತಾಬಾಯಿ ಹತ್ತಿದರು. ರಾಯರು ಕೈ ಮುಂದೆ ಚಾಚಿದರು.

ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಮುಟ್ಟಿ ನೋಡಿದರು.

"ಇದು ಯಾರ ಗಾಡಿ?" ಅಂದರು. "ಇಳಿಯಮ್ಮಾ. ಯಾರಾದ್ರೂ ಬೈದಾರು."

ಹೆಂಡತಿಯನ್ನು 'ಅಮ್ಮಾ' ಅಂದುಬಿಟ್ಟರು, ಗುರುತಿಲ್ಲದವರನ್ನು ಕರೆಯುವ ಹಾಗೆ.

ಸೀತಾಬಾಯಿ ಬೈಯಲಿಲ್ಲ. "ನೀನು ಚಂದಾನೇ ಮಾಡಿದೀಯ ತಮ್ಮಾ" ಅಂತ ವೀರೇಶನಿಗೆ ಹೇಳಿ, ಗಾಡಿ ಅಲ್ಲೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಯಜಮಾನರ ಜೊತೆ ಹೊರಟರು. ಬೈದಿದ್ದರೆ ವಾಸಿಯಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

"ಏನು ತಪ್ಪಾಯ್ತು ಉಸ್ತಾದ್ರೇ? ಕಂಪನಿಯಿಂದ ಬಂದಂಗೆ ಮಾಡಿದೀನಿ."

"ಕಂಪನಿಯಿಂದ ಬಂದಾಗ ಒಡೆದಿತ್ತೇನೋ?"

"ಇಲ್ಲ."

"ಬಂದಿದ್ದಕ್ಕೂ ಒಡೆದಿದ್ದಕ್ಕೂ ಮಧ್ಯ ಮೂವತ್ತೆಂಟು ವರ್ಷ ಇತ್ತಲ್ಲ. ಅದನ್ನ ಎಲ್ಲಿ ಹಾಕ್ದೆ?"

ವೀರೇಶ ಕಸದ ಡಬ್ಬಿಯ ಕಡೆ ನೋಡಿದ. ಉಜ್ಜಿ ಎಸೆದ ಉಪ್ಪುಕಾಗದದ ಚೂರು ಅಲ್ಲಿ ತುಂಬಿದ್ದವು. ಅವನಿಗೆ ಕಣ್ಣಲ್ಲಿ ನೀರು ಬಂತು.

ಅವತ್ತೆಲ್ಲ ಒಂದು ಹಾಳು ಡ್ಯಾಶ್‌ಬೋರ್ಡಿನ ತುಂಡು ಇಟ್ಟುಕೊಂಡು ಸವೆತ ಬರಿಸಲು ನೋಡಿದ. ಎಲ್ಲಿ ಸವೆದಿತ್ತು ಅಂತ ನೆನಪಿತ್ತು. ಹೇಗೆ ಸವೆದಿತ್ತು ಅಂತ ನೋಡಿಯೇ ಇರಲಿಲ್ಲ. ದುಂಡಗೆ ಉಜ್ಜಿ ತಂದು ತೋರಿಸಿದ.

ಉಸ್ತಾದರು ಬೆರಳಿಟ್ಟು ನೋಡಿ ತಲೆ ಅಲ್ಲಾಡಿಸಿದರು. "ಇದು ಉಪ್ಪುಕಾಗದ ಸವೆಸಿದ್ದು. ರಾಯರು ಸವೆಸಿದ್ದು ತಗೊಂಡು ಬಾ."

"ಎಲ್ಲಿಂದ ತರ್ಲಿ?"

"ಎಲ್ಲೈತೋ ಅಲ್ಲಿಂದ."

ವೀರೇಶ ಮಾರನೇ ದಿನ ಬೆಳಿಗ್ಗೆ ರಾಯರ ಮನೆಗೆ ಹೋದ. ರಾಯರು ಜಗಲಿಯ ಮೇಲೆ ಕೂತಿದ್ದರು. "ಯಜಮಾನ್ರೇ, ಗಾಡೀಲಿ ನೀವು ಕೈ ಎಲ್ಲಿ ಇಡ್ತಿದ್ರಿ? ಹೆಂಗೆ ಇಡ್ತಿದ್ರಿ?" ಅಂತ ಕೇಳಿದ. ಬಿಡಿಸಿ ಕೇಳಿದ, ಕೂಗಿ ಕೇಳಿದ. ಅವರು ಇವನನ್ನೇ ನೋಡುತ್ತ, "ಟೀ ಕುಡಿದ್ಯಾ?" ಅಂದರು.

ಸಪ್ಪೆ ಮೋರೆ ಹಾಕಿಕೊಂಡು ವಾಪಸು ಬಂದ. "ಅವ್ರಿಗೆ ಏನೂ ನೆನಪಿಲ್ಲ ಉಸ್ತಾದ್ರೇ."

"ನೀನು ಚಪ್ಪಲಿ ಮೆಟ್ಟುವಾಗ ಮೊದ್ಲು ಯಾವ ಕಾಲು ಹಾಕ್ತೀ?"

ವೀರೇಶ ಯೋಚಿಸಿದ. ಎಡಗಾಲು ಅನ್ನಲು ಹೋದ. ಬಲಗಾಲು ಅನ್ನಲು ಹೋದ. ಕೊನೆಗೆ ತನ್ನ ಕಾಲುಗಳನ್ನೇ ನೋಡಿಕೊಂಡ.

"ಮರೆವಿಲ್ಲದ ನಿನಗೇ ಹೇಳಕ್ಕೆ ಬರಲ್ಲ. ಆ ಮುದುಕಪ್ಪನ್ನ ಯಾಕೆ ಗೋಳು ಹೊಯ್ಕೊಂತೀಯ?"

ಉಸ್ತಾದರು ಎದ್ದು, ಮೊಳೆಗೆ ತೂಗುಹಾಕಿದ್ದ ಕಾಂಟೆಸ್ಸಾದ ಬೀಗದಕೈ ತೆಗೆದು ಅವನ ಅಂಗೈಲಿಟ್ಟರು.

"ಕೇಳಬ್ಯಾಡ. ಕೊಡು."

ಮರುದಿನ ಬೆಳಿಗ್ಗೆ ಮತ್ತೆ ರಾಯರ ಮನೆಗೆ ಹೋದ. ಈ ಸಲ ಏನೂ ಕೇಳಲಿಲ್ಲ. ಸೀತಾಬಾಯಿ ಕೊಟ್ಟ ಟೀ ಕುಡಿಯುತ್ತ ರಾಯರ ಪಕ್ಕ ಕೂತ. ಸೀತಾಬಾಯಿಯೇ ಮಾತು ತೆಗೆದರು.

"ಟೆಂಟ್ ಸಿನಿಮಾಗೆ ರೀಲು ಮುಟ್ಟಿಸೋ ಕೆಲಸ ಇವ್ರದು. ಹಿಂದಿನ ಸೀಟಲ್ಲಿ ರೀಲಿನ ಡಬ್ಬಿಗಳು, ಮುಂದೆ ನಾನು. ಹೊನ್ನಾಳಿ ಹತ್ರ ನಮ್ಮ ಗಾಡಿ ಧೂಳು ಕಂಡ್ರೆ ಸಾಕು, ಟೆಂಟಿನವ್ರು ಹಾಡು ಹಾಕ್ತಿದ್ರು. ಜನ ಓಡಿ ಬರೋರು ನೋಡು! ನಾನೇ ಏನೋ ದೊಡ್ಡ ನಟಿ ಅನ್ನೋ ಹಂಗೆ ಕೂತಿರ್ತಿದ್ದೆ." ಸೀತಾಬಾಯಿ ನಕ್ಕರು. "ಈಗ ಟೆಂಟೂ ಇಲ್ಲ, ಆ ಡಬ್ಬಿಗಳೂ ಇಲ್ಲ. ಆ ದಿನಗಳು ಎಷ್ಟು ಚೆಂದಿದ್ವು ತಮ್ಮಾ!"

ರಾಯರಿಗೆ ಇದ್ಯಾವುದೂ ಕೇಳಿಸಿದ ಹಾಗಿರಲಿಲ್ಲ. ವೀರೇಶ ಮೆಲ್ಲಗೆ ಬೀಗದಕೈಯನ್ನು ಅವರ ಕೈಲಿಟ್ಟ.

ಅವರು ಅದನ್ನು ನೋಡಿದರು. ಬೆನ್ನು ನೆಟ್ಟಗಾಯಿತು. ಅಂಗಿಯ ತೋಳು ಮೇಲೆ ಸರಿಸಿದರು. ಬೀಗದಕೈ ಎಡಗೈಗೆ ಹೋಯಿತು. ಬಲಗೈಯ ಮೂರು ಬೆರಳು ಮುಂದಕ್ಕೆ ಹೋಗಿ ಗಾಳಿಯಲ್ಲೇ ಏನನ್ನೋ ಮುಟ್ಟಿದವು. ಅಲ್ಲಿಂದ ತಮ್ಮ ಕಡೆಗೆ ನಾಲ್ಕು ಬೆರಳಗಲ ಎಳೆದುಕೊಂಡು ಬಂದವು. ಆಮೇಲೆ ಬಲಗಣ್ಣಿಗೆ, ಎಡಗಣ್ಣಿಗೆ.

ಗಾಡಿ ಹೊರಡುವ ಮುಂಚಿನ ನಮಸ್ಕಾರ! ಎಲ್ಲ ಡ್ರೈವರುಗಳೂ ಮಾಡುತ್ತಾರೆ, ವೀರೇಶನೂ ಮಾಡುತ್ತಾನೆ. ಕಣ್ಣೆದುರಿಗಿದ್ದದ್ದು ಹೊಳೆದಿರಲಿಲ್ಲವಲ್ಲ ಅಂತ ಹಣೆ ಚಚ್ಚಿಕೊಂಡ. ಮೂವತ್ತೆಂಟು ವರ್ಷದ ಒಂದೊಂದು ಬೆಳಗೂ ಆ ಜಾಗದಲ್ಲಿ ಕೂತಿತ್ತು. ಅದನ್ನು ಅವನು ಕಸ ಅಂತ ಉಜ್ಜಿ ಎಸೆದಿದ್ದ.

ಶೆಡ್ಡಿಗೆ ಓಡಿದ.

ಸಣ್ಣ ಉಪ್ಪುಕಾಗದವನ್ನು ನೀರಲ್ಲಿ ನೆನೆಸಿ ಮೂರು ಬೆರಳಿಗೆ ಸುತ್ತಿಕೊಂಡ. ಚಾಲಕನ ಸೀಟಿನಲ್ಲೇ ಕೂತ. ರಾಯರು ಎತ್ತರದವರು, ಅದಕ್ಕೆ ಕೆಳಗೆ ಒಂದು ದಿಂಬು ಹಾಕಿಕೊಂಡ. ಕೈ ಚಾಚಿ, ಮುಟ್ಟಿ, ತನ್ನ ಕಡೆಗೆ ಎಳೆದ. ಅತ್ತಿತ್ತ ಉಜ್ಜಲಿಲ್ಲ. ಎಳೆದ, ಎತ್ತಿದ, ಮತ್ತೆ ಮುಟ್ಟಿದ. ಮೊದಮೊದಲು ಎಣಿಸುತ್ತಿದ್ದವನು ಆಮೇಲೆ ಎಣಿಸುವುದು ಬಿಟ್ಟ. ಎರಡನೇ ದಿನ ನೋಡುತ್ತಾನೆ, ಪ್ರತಿ ಸಲ ಕೈ ತಾನಾಗಿ ಕಣ್ಣಿಗೆ ಹೋಗುತ್ತಿದೆ, ರೆಪ್ಪೆಗೆಲ್ಲ ಕಂದು ಬಣ್ಣ.

ಉಸ್ತಾದರು ಬಾಗಿಲಲ್ಲಿ ನಿಂತು ನೋಡಿದರು. ತಡೆಯಲಿಲ್ಲ.

ಮೂರನೇ ದಿನ ತರಿ ಮೇಲುಗಡೆ ಆಳವಾಗಿ ಸವೆದು, ಕೆಳಗೆ ಬರುತ್ತ ಬರುತ್ತ ತೆಳುವಾಗಿ ನಿಂತಿತು. ಹೊಳಪಿಲ್ಲದ ಬಣ್ಣವನ್ನು ಉಸಿರು ಬಿಗಿಹಿಡಿದು ಒಂದೇ ಪದರ ಹೊಡೆದ.

ರಾಯರು ಬಂದರು. ಈ ಸಲ ವೀರೇಶ ದೂರ ಹೋಗಿ ಕಂಬಕ್ಕೆ ಆತುಕೊಂಡು ನಿಂತ. ನೋಡುವ ಧೈರ್ಯವಿಲ್ಲ, ನೋಡದೆ ಇರಲೂ ಆಗದು.

ರಾಯರು ಹತ್ತಿ ಕೂತರು. ಮೂರು ಬೆರಳು ಮುಂದೆ ಹೋದವು. ಮುಟ್ಟಿದವು. ಕೆಳಕ್ಕೆ ಇಳಿದವು. ಬಲಗಣ್ಣು, ಎಡಗಣ್ಣು.



"ಸೀತೂ" ಅಂದರು ರಾಯರು, ಕಿಟಕಿಯಾಚೆ ತಲೆ ಹಾಕಿ. "ಇನ್ನೂ ಅಲ್ಲೇ ನಿಂತಿದೀಯಲ್ಲೇ! ಡಬ್ಬಿ ಎಲ್ಲ ಹಿಂದೆ ಇಟ್ಯಾ? ಮೊದಲನೇ ಆಟಕ್ಕೆ ಹೊನ್ನಾಳಿ ಮುಟ್ಟಬೇಕು."

"ಇಟ್ಟಿದೀನಿ ರೀ" ಅಂದರು ಸೀತಾಬಾಯಿ. ಅಳುತ್ತಲೇ ನಕ್ಕರು, ನಗುತ್ತಲೇ ಪಕ್ಕದ ಸೀಟಿಗೆ ಹತ್ತಿ ಸೆರಗು ಸರಿಮಾಡಿಕೊಂಡು ಕೂತರು. "ನಡೀರಿ, ಹೊತ್ತಾಯ್ತು."

ಕಾರು ಹೊರಡಲಿಲ್ಲ. ಇಬ್ಬರೂ ಅಲ್ಲೇ ಕೂತು ಏನೋ ಮಾತಾಡುತ್ತಿದ್ದರು. ನದಿ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ವೀರೇಶ ಉಸ್ತಾದರ ಪಕ್ಕಕ್ಕೆ ಬಂದ.

"ಉಸ್ತಾದ್ರೇ, ಮನೆ ಮುಟ್ಟೋ ಹೊತ್ತಿಗೆ ಅವ್ರು ಇದನ್ನೆಲ್ಲ ಮತ್ತೆ ಮರೀತಾರಲ್ಲ?"

"ಮರೀಲಿ ಬಿಡಪ್ಪ" ಅಂದರು ಉಸ್ತಾದರು. "ನಾಳೆ ಬೆಳಿಗ್ಗೇನೂ ಗಾಡಿ ಹೊರಡಬೇಕಲ್ಲ."