ಸೂತಕದ ಗಡಿಗೆ

"ನನ್ನ ಮಗಳ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ."

ಈಚಲದುರ್ಗದ ದೊರೆ ಹೀಗೆ ಡಂಗುರ ಹೊಡೆಸಿದ. ರಾಣಿ ತೀರಿಕೊಂಡು ವರ್ಷವಾಗಿತ್ತು. ಮಗಳು ಹೊನ್ನಾಜಿ ನೋಯಬಾರದೆಂದು ಅರಮನೆಯಲ್ಲಿ ಯಾರೂ ರಾಣಿಯ ಹೆಸರೆತ್ತಕೂಡದೆಂದು ಅಪ್ಪಣೆ ಮಾಡಿ, ದಿನವೂ ಸಿಹಿ ಮಾಡಿಸುತ್ತಿದ್ದ. ಅವಳು ತಿನ್ನುತ್ತಿದ್ದಳು, ಸೊರಗುತ್ತಿದ್ದಳು. ಒಮ್ಮೆಯೂ ಅಳಲಿಲ್ಲ. ಒಗಟು ಹೇಳುವುದಕ್ಕೆ ಮಾತ್ರ ಬಾಯಿ ಬಿಡುತ್ತಿದ್ದಳು.

ಇಬ್ಬರು ರಾಜಕುಮಾರರು ಬಂದರು. ಒಬ್ಬ ಮೊದಲ ಒಗಟಿಗೇ ಎಡವಿದ, ಇನ್ನೊಬ್ಬ ಮೂರನೆಯದಕ್ಕೆ. ಇಬ್ಬರ ತಲೆಯೂ ಹೋಯಿತು. ಹೊನ್ನಾಜಿ ಕಣ್ಣು ಮಿಟುಕಿಸಲಿಲ್ಲ.

ಆಮೇಲೆ ಬಂದವನು ಹೆಂಡ ಹುಳಿಬರಿಸುವ ಚಿಕ್ಕೀರ. ಅವನ ತಾಯಿ ಸತ್ತು ಹನ್ನೆರಡು ದಿನವಾಗಿತ್ತು. ತಲೆ ಇದ್ದರೇನು, ಹೋದರೇನು ಅನ್ನುವಂತಿದ್ದ.

"ಬಾಯಿಲ್ಲದೆ ಬೆಲ್ಲದ ನೀರು ಕುಡಿಯುತ್ತದೆ, ನೊರೆ ಉಗುಳುತ್ತದೆ. ಎಷ್ಟು ಕುಡಿದರೂ ಸಂಸಾರ ಬೆಳೆಯದು. ಯಾವುದದು? ಏನು ಕಡಿಮೆ?" ಎಂದಳು ಹೊನ್ನಾಜಿ.

ಹೆಂಡದ ಗಡಿಗೆಯ ತಳದಲ್ಲಿರುವ ಜೀವಂತ ಗಸಿ ಎಂದ ಚಿಕ್ಕೀರ. ಬೆಲ್ಲ ಬರೀ ಕಸುವು ಕೊಡುತ್ತದೆ. ಮೈ ಕಟ್ಟುವ ಸಾರ ಹುರುಳಿ ಬೇಯಿಸಿದ ಕಟ್ಟಿನಲ್ಲಿದೆ.

ಹನ್ನೊಂದು ದಿನ ಯಾರೂ ಉಣಿಸದಿದ್ದರೂ ಅದು ಹೇಗೆ ಬದುಕುತ್ತದೆಂದು ಕೇಳಿದಳು. ಅದು ಅವನಿಗೆ ಗೊತ್ತಿದ್ದದ್ದೇ. ಸೂತಕದಲ್ಲಿ ಅವರ ಕೇರಿಯವರು ಗಡಿಗೆ ಮುಟ್ಟುವುದಿಲ್ಲ. ಗಸಿ ತನ್ನ ಹಳೆಯ ಮೈಯನ್ನೇ ಕರಗಿಸಿ ತಿಂದು ಮಲಗಿಬಿಡುತ್ತದೆ.

"ಎರಡು ಗಡಿಗೆ. ಒಂದಕ್ಕೆ ಏನೂ ಇಲ್ಲ. ಇನ್ನೊಂದಕ್ಕೆ ಸಿಹಿಯೆಲ್ಲ ಇದೆ, ಮೈ ಕಟ್ಟುವ ಸಾರಗಳಲ್ಲಿ ಒಂದು ಮಾತ್ರ ಇಲ್ಲ. ಮೊದಲು ಸಾಯುವುದು ಯಾವುದು?" ಎಂದು ಮೂರನೆಯದನ್ನು ಕೇಳಿದಳು.

"ಸಿಹಿ ಇರೋದೇ ತಾಯೀ. ಏನೂ ಸಿಗದಿದ್ದದ್ದು ಮಲಗಿ ಉಳ್ಕೊಳ್ತದೆ. ಇದಕ್ಕೆ ಹಬ್ಬ ಅನ್ನೋ ಭ್ರಮೆ. ಮಲಗೋದಿಲ್ಲ, ಬೆಳೆಯೋಕೂ ಆಗೋದಿಲ್ಲ. ಒಳಗೊಳಗೇ ಸುಟ್ಟುಹೋಗ್ತದೆ."

ದೊರೆ ತಲೆದೂಗಿದ. ಚಿಕ್ಕೀರ ನಿಲ್ಲಿಸಲಿಲ್ಲ. "ಈ ಒಗಟೆಲ್ಲ ನಮ್ಮ ಕೇರಿಯವು. ನಿಮಗೆ ಹೇಳಿಕೊಟ್ಟೋರು ನಮ್ಮ ಕೇರಿಯ ಮಗಳು ಬೊಮ್ಮವ್ವ, ನಿಮ್ಮವ್ವ."

ಎತ್ತಬಾರದ ಹೆಸರು ಕೇಳಿ ಕಾವಲಿನವರು ಕತ್ತಿಗೆ ಕೈ ಹಾಕಿದರು. ಹೊನ್ನಾಜಿ ಆ ಹೆಸರನ್ನು ಮೆಲ್ಲಗೆ ತಾನೂ ಹೇಳಿದಳು, ಮತ್ತೆ ಹೇಳಿದಳು, ಅತ್ತಳು. ಮಗಳಿಗೆ ಏನು ಕಡಿಮೆಯಾಗಿತ್ತೆಂದು ದೊರೆಗೆ ಆಗ ತಿಳಿಯಿತು. ಕತ್ತಿ ಒಳಗಿಡಿಸಿದ, ಅಪ್ಪಣೆ ಹಿಂದಕ್ಕೆ ತೆಗೆದ, ಅರ್ಧ ರಾಜ್ಯ ಬರೆದುಕೊಟ್ಟ.

ಚಿಕ್ಕೀರನಿಗೆ ಸಂತೋಷವೇನೂ ಆಗಲಿಲ್ಲ. ಸೂತಕ ಕಳೆದಿದೆ, ಗಡಿಗೆಗೆ ಉಣಿಸಬೇಕು ಎಂದು ಮನೆಗೆ ಹೋದ. ಬೆಲ್ಲದ ನೀರಿಗೆ ಹುರುಳಿ ಕಟ್ಟು ಬೆರೆಸಿ ಸುರಿದು, ಪಕ್ಕದಲ್ಲಿ ಕೂತ. ಬಹಳ ಹೊತ್ತಿನ ಮೇಲೆ ತಳದಿಂದ ಒಂದು ಗುಳ್ಳೆ ಎದ್ದಿತು.

"ಅವ್ವಾ, ಎದ್ದಿತು ನೋಡು" ಎಂದು ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಆಗ ಅವನಿಗೂ ಅಳು ಬಂತು.