ಫಕೀರಪ್ಪನ ಹಾರ್ನು

ಹೆದ್ದಾರಿಯ ಅಂಚಿನ ಒಂದು ಆಶ್ರಮದಲ್ಲಿ ಕಲ್ಲವ್ವ ಎಂಬ ಶಿಷ್ಯೆ ಇದ್ದಳು. ಬೆಳಗಿನ ಭಜನೆಗೆ ತಂಬೂರಿ ಶ್ರುತಿ ಮಾಡುವುದು ಅವಳ ಕೆಲಸ. ಎಳ್ಳಷ್ಟು ಅಪಶ್ರುತಿಯೂ ಅವಳ ಕಿವಿ ತಪ್ಪಿಸಿ ಹೋಗುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಅವಳು ತಂಬೂರಿ ಮುಟ್ಟುವುದನ್ನು ಬಿಟ್ಟಳು. ಗುರುಗಳು ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಕರೆದು ಕೇಳಿದರು:

“ಏನಾತವ್ವ?”

“ನಮ್ಮಣ್ಣ ಫಕೀರಪ್ಪ ತೀರಿಕೊಂಡನಲ್ಲರಿ, ಅಜ್ಜಾರ.”

“ಗೊತ್ತು.”

“ನನ್ನಿಂದ ನೊಂದುಕೊಂಡೇ ಹೋದ.”

ನಾಲ್ಕು ವರ್ಷದ ಹಿಂದೆ ಫಕೀರಪ್ಪ ಮಗಳ ಮದುವೆಗೆ ತಂಗಿಯನ್ನು ಕರೆಯಲು ಬಂದಿದ್ದ. “ಇಲ್ಲಿಗೆ ಬಂದ ಮ್ಯಾಲೆ ನನಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ” ಎಂದು ಕಲ್ಲವ್ವ ಗೇಟಿನಿಂದಲೇ ಕಳಿಸಿಬಿಟ್ಟಿದ್ದಳು. ಅವನು ಬಸ್ ಡ್ರೈವರ್. ಅಂದಿನಿಂದ ದಿನವೂ ಬೆಳಿಗ್ಗೆ, ತಿರುವಿನಿಂದ ಆಶ್ರಮ ದಾಟುವ ತನಕ ಹಾರ್ನು ಒತ್ತಿ ಹಿಡಿಯುತ್ತಿದ್ದ. ಅವಳು ಒಮ್ಮೆಯೂ ಗೇಟಿಗೆ ಹೋಗಲಿಲ್ಲ.

“ನೊಂದದ್ದು ನಿನಗ ಹೆಂಗ ಗೊತ್ತು?”

“ಹಾರ್ನು ಹೇಳತಿತ್ತರಿ. ಬರುವಾಗ ಪಂಚಮದಾಗ ಇರತಿತ್ತು. ಗೇಟಿನಾಗ ನಾ ಇಲ್ಲ ಅಂತ ಕಂಡಕೂಡಲೇ ಮಧ್ಯಮಕ್ಕ ಇಳೀತಿತ್ತು. ಪೂರಾ ಒಂದು ಸ್ವರ. ದಿನಾ.”



“ನಾಳೆ ಹಿಂದಿನ ಸ್ಟಾಪಿಗೆ ನಡೆದು ಹೋಗು. ಅದೇ ಬಸ್ ಹತ್ತು. ನಿಮ್ಮಣ್ಣ ಹಿಡಿದಂಗ ಹಾರ್ನು ಹಿಡಿ ಅಂತ ಡ್ರೈವರಿಗೆ ಹೇಳು.”

ಮರುದಿನ ಅವಳು ಬಸ್ ಹತ್ತಿ ಹಾಗೆಯೇ ಹೇಳಿದಳು. ಕಂಡಕ್ಟರ್ ನಕ್ಕ.

“ಹಾರ್ನು ಬ್ಯಾಡ ಅಂತ ಎಲ್ಲಾರೂ ಬೈತಾರ. ನೀ ಹೊಡಿ ಅಂತಿ. ಇದೆಂಥಾ ಸನ್ಯಾಸ ಬೇ?”

“ನಾ ಫಕೀರಪ್ಪನ ತಂಗಿ.”

ಕಂಡಕ್ಟರ್ ಮತ್ತೆ ನಗಲಿಲ್ಲ. ಮುಂದೆ ಹೋಗಿ ಡ್ರೈವರಿನ ಕಿವಿಯಲ್ಲಿ ಏನೋ ಹೇಳಿದ.

ತಿರುವು ಬಂತು. ಹಾರ್ನು ಮೊಳಗಿತು. ಕಲ್ಲವ್ವ ಕಣ್ಣು ಮುಚ್ಚಿ ಕೇಳಿದಳು. ಆಶ್ರಮ ಹಿಂದೆ ಸರಿಯಿತು.

ಮುಂದಿನ ಸ್ಟಾಪಿನಲ್ಲಿ ಇಳಿದು ಅವಳು ನಡೆದು ಬಂದಾಗ ಗುರುಗಳು ಗೇಟಿನಲ್ಲೇ ನಿಂತಿದ್ದರು.

“ಇಳೀಲೇ ಇಲ್ಲರಿ, ಅಜ್ಜಾರ. ತಿರುವಿನಾಗೂ ಅದೇ, ಇಲ್ಲಿ ದಾಟಿದ ಮ್ಯಾಲೂ ಅದೇ.”

“ಯಾವ ಸ್ವರ?”

“ಪಂಚಮ ಅಲ್ಲ, ಮಧ್ಯಮನೂ ಅಲ್ಲ. ಎರಡರ ನಡುವಿಂದು.”

“ನಾ ಇಲ್ಲಿ ನಿಂತು ಕೇಳಿದೆ. ನನಗ ಇಳೀತು.”

“ಹೆಂಗರಿ?”

“ಹತ್ತಿರ ಬರೋ ಸದ್ದು ನಿಂತವರ ಕಿವಿಗೆ ಏರಿ ಕೇಳತದ. ದೂರ ಹೋಗೋದು ಇಳಿದು ಕೇಳತದ. ಹಾಲಿನ ಲಾರಿ ಹೋದರೂ ಅಷ್ಟೇ.”

“ಹಂಗಾದರ ಅಣ್ಣ ನೊಂದಿರಲಿಲ್ಲೇನ್ರಿ?”

“ಅದು ನನಗ ಗೊತ್ತಿಲ್ಲ. ಹಾರ್ನಿಗೂ ಗೊತ್ತಿರಲಿಲ್ಲ.”

ಕಲ್ಲವ್ವ ರಸ್ತೆಯನ್ನೇ ನೋಡುತ್ತ ನಿಂತಳು.

“ನಾಕು ವರ್ಷ ಅಂವ ಕೇಳಿದ ಸ್ವರ ನಾ ಒಂದು ದಿನಾನೂ ಕೇಳಲಿಲ್ಲ.”

“ಬರುವಾಗ ಪಂಚಮ, ಹೋಗುವಾಗ ಮಧ್ಯಮ ಅಂದಿ. ಗೇಟಿನ ಎದುರು ಹಾಯುವಾಗ?”



“ಆಗ ತಂಬೂರಿ ತಂತಿ ಜೋರಾಗಿ ಮೀಟತಿದ್ದೆ, ಅಜ್ಜಾರ. ಕೇಳಬಾರದು ಅಂತ.”

ಗುರುಗಳು ಮೆಲ್ಲಗೆ ಹೇಳಿದರು:

“ಹತ್ತಿರ ಬರೋದೂ ಇಲ್ಲ, ದೂರ ಹೋಗೋದೂ ಇಲ್ಲ; ಆ ಒಂದು ಗಳಿಗಿ ಮಾತ್ರ, ಅವನಿಗೆ ಕೇಳೋ ಸ್ವರನೇ ನಿನಗೂ ಕೇಳತಿತ್ತವ್ವ.”